ಗರ್ಭಾವಸ್ಥೆಯಲ್ಲಿ ಥೈರಾಯ್ಡ್ ಕ್ಯಾನ್ಸರ್

ಗರ್ಭಾವಸ್ಥೆಯಲ್ಲಿ ಥೈರಾಯ್ಡ್ ಕ್ಯಾನ್ಸರ್ ಎಂದರೆ ಗರ್ಭಿಣಿಯರ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಪತ್ತೆಯಾಗುವ ಅರ್ಬುದ. ಇವುಗಳಲ್ಲಿ ಬಹುಪಾಲು ನಿಧಾನವಾಗಿ ಬೆಳೆಯುವ ಪ್ಯಾಪಿಲ್ಲರಿ ವಿಧದವು. ಅಲ್ಟ್ರಾಸೌಂಡ್ ಹಾಗೂ ಸೂಜಿ ಪರೀಕ್ಷೆಗಳು ಗರ್ಭಾವಸ್ಥೆಯಲ್ಲಿಯೂ ಸುರಕ್ಷಿತ.

ಆರಂಭಿಕ ಹಂತದ ಪ್ಯಾಪಿಲ್ಲರಿ ಅರ್ಬುದದ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಹೆರಿಗೆಯ ನಂತರಕ್ಕೆ ಮುಂದೂಡಬಹುದು. 24 ವಾರಗಳೊಳಗೆ ಗಡ್ಡೆ ಗಣನೀಯವಾಗಿ ಬೆಳೆದರೆ ಅಥವಾ ದುಗ್ಧರಸ ಗ್ರಂಥಿಗಳಿಗೆ ಹರಡಿದ್ದರೆ ಎರಡನೆಯ ತ್ರೈಮಾಸಿಕದಲ್ಲಿ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. ವಿಕಿರಣಶೀಲ ಅಯೋಡಿನ್ ಭ್ರೂಣದ ಥೈರಾಯ್ಡನ್ನು ನಾಶಪಡಿಸಬಲ್ಲುದು. ಆದುದರಿಂದ ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಅದು ನಿಷಿದ್ಧ.

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಅನೇಕ ರೋಗಿಗಳು ಉನ್ನತ ಚಿಕಿತ್ಸೆಗಾಗಿ ರಾಷ್ಟ್ರೀಯ ಹೆದ್ದಾರಿ 66ರ ಮೂಲಕ ಮಣಿಪಾಲ ಅಥವಾ ಮಂಗಳೂರಿಗೆ ತೆರಳುತ್ತಾರೆ. ಗರ್ಭಿಣಿಯರಿಗೆ ಈ ದೂರವೂ ಒಂದು ಹೊರೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಜನರ ಬೇಡಿಕೆ 2022ರಲ್ಲಿ ತೀವ್ರಗೊಂಡಿತು.