ಹಿಡಿಂಬನ ಬೂದಿ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹಾದಿಯಲ್ಲಿ, ಕುಡತಿನಿಯ ಸಮೀಪ, ಬೂದಿಯ ದೊಡ್ಡ ದಿಬ್ಬವೊಂದಿದೆ. ಭೀಮಸೇನನು ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಅದೆಂದು ಜನರ ನಂಬಿಕೆ. ಹಂಪೆಯ ಬಳಿಯ ನಿಂಬಾಪುರದಲ್ಲಿ ಇಂಥದೇ ದಿಬ್ಬ ವಾಲಿಯ ಚಿತೆಯೆನಿಸಿಕೊಂಡಿದೆ. ನಾನು ಕೈಗೆತ್ತಿಕೊಂಡ ತುಂಡು ಕರಗಿ ಗುಳ್ಳೆಗಟ್ಟಿ, ಕುಲುಮೆಯ ಕಿಟ್ಟದಂತೆ ಕಾಣುತ್ತಿದ್ದರೂ ಬಲು ಹಗುರವಾಗಿದ್ದಿತು. ಇದನ್ನು ಕಂಡು ರಾಕ್ಷಸನನ್ನು ನೆನೆದ ಹಿರಿಯರನ್ನು ನಗಲು ನನಗಂತೂ ಬಾಯಿ ಬರಲಿಲ್ಲ.

ಪಂಡಿತರೂ ಎಡವಿದವರೇ. 1843ರಲ್ಲಿ ನ್ಯೂಬೋಲ್ಡನು ಈ ದಿಬ್ಬಗಳ ಬಗ್ಗೆ ಬರೆದ ಮೇಲೆ ಅಗ್ನಿಪರ್ವತ, ಲೋಹ ಕರಗಿಸಿದ ಕುಲುಮೆ, ಸಾಮೂಹಿಕ ದಹನ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಇದು ದನದ ಸೆಗಣಿ ಸುಟ್ಟದ್ದೆಂದು ಸೂಚಿಸಿದವನು ಬ್ರೂಸ್ ಫೂಟ್. ಅದನ್ನು ಎಲ್ಲರೂ ಒಪ್ಪಲು ಬಹುಕಾಲ ಹಿಡಿಯಿತು. 1957ರಲ್ಲಿ ಆಲ್ಚಿನ್ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದಾಗ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಕಂಡುವು. ಝಾಯ್ನರನ ಪರೀಕ್ಷೆಯೂ ಸೆಗಣಿಯೆಂದೇ ಸಾರಿತು.

ಹಾಗಾದರೆ ಇವರು ಯಾರು? ಸುಮಾರು ಐದು ಸಾವಿರ ವರ್ಷಗಳಿಂದೀಚೆಗೆ ಈ ಬಯಲಿನಲ್ಲಿ ನೆಲಸಿದ ನವಶಿಲಾಯುಗದ ದನಗಾಹಿಗಳು. ಬರಿಯ ದನಗಾಹಿಗಳೆಂದರೆ ಅನ್ಯಾಯ. ಕೊರಲೆ, ಹುರುಳಿ, ಹೆಸರು ಇವರ ಬೆಳೆ; ಸಂಗನಕಲ್ಲು ಗುಡ್ಡದ ಬಳಿ ಕಲ್ಲುಕೊಡಲಿ ಮಾಡುವ ಕಸಬೂ ನಡೆದಿತ್ತು. ಅಲ್ಲಿಯೇ ಕಪ್ಪಗಲ್ಲಿನ ಬಂಡೆಗಳ ಮೇಲೆ ಉದ್ದ ಕೊಂಬಿನ ಹೋರಿಗಳನ್ನು ಕುಟ್ಟಿ ಬಿಡಿಸಿದ್ದಾರೆ.

ಸೆಗಣಿಯನ್ನು ಸುಟ್ಟದ್ದೇಕೆ? ಋತು ಬದಲಾಗುವಾಗಿನ ಆಚರಣೆಯಿರಬಹುದೆಂದು ಆಲ್ಚಿನ್ ಊಹಿಸಿ, ನಮ್ಮ ಸಂಕ್ರಾಂತಿಯ ಕಿಚ್ಚನ್ನು ನೆನೆದರು. ನಾಲ್ಕು ಸಾವಿರ ವರ್ಷಗಳ ಸೇತುವೆ ಕಟ್ಟುವುದು ಸುಲಭವಲ್ಲ, ನಿಜ. ಆದರೆ ಹುಡುಗನಾಗಿದ್ದಾಗ ನಮ್ಮೂರಲ್ಲಿ ಕೊಂಬಿಗೆ ಬಣ್ಣ ಬಳಿದ ಎತ್ತುಗಳು ಉರಿಯನ್ನು ಹಾರುವುದನ್ನು ಕಂಡ ನನಗೆ ಆ ಊಹೆಯನ್ನು ಬಿಡಲು ಮನಸ್ಸಿಲ್ಲ.

ಸುರಪುರ ಸೀಮೆಯ ಬೂದಿಹಾಳದಲ್ಲಿ ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ದಿಬ್ಬದ ಪಕ್ಕದಲ್ಲೇ ಮನೆಗಳೂ ದೊರೆತುವು. ಎಳೆಯ ಮಕ್ಕಳ ಶವಗಳನ್ನು ಮಡಕೆಗಳಲ್ಲಿಟ್ಟು ಆ ವಾಸದ ನೆಲೆಯಲ್ಲಿಯೇ ಹೂಳಿದ್ದರು. ಚಿತೆಯೆಂದು ನಾವು ನಂಬಿದ್ದು ದೊಡ್ಡಿ; ಸಮಾಧಿಯಿದ್ದುದು ಮನೆಯ ಬಳಿ, ತಾಯಂದಿರು ದಿನವೂ ಓಡಾಡುವ ನೆಲದಲ್ಲಿ.

ಕೆಲವು ದಿಬ್ಬಗಳ ಬೂದಿ ಗಾಡಿಗಟ್ಟಲೆ ಗೊಬ್ಬರವಾಗಿ ಹೊಲ ಸೇರಿದೆ. ಕುಡತಿನಿಯಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನಿಗೆ ಇದನ್ನೆಲ್ಲ ಹೇಳಿದೆ. ಅವನು ದಿಬ್ಬವನ್ನು ಮೇಲಿಂದ ಕೆಳಗೆ ಬಹಳ ಹೊತ್ತು ನೋಡಿದ.

“ಇಷ್ಟೆಲ್ಲ ಬರೇ ಸೆಗಣೀನಾ? ಹಂಗಾರೆ ಅವರಿಗೆ ಎಷ್ಟು ದನ ಇದ್ವು ರೀ!” ಎಂದ.