2018ರ ಪುಸ್ತಕ, 1960ರ ತಂತಿ: ಇಂಗ್ಲೆಂಡಿನ ಬಾಡಿಗೆ ಮನೆಗಳ ವಿದ್ಯುತ್ ತಪಾಸಣೆಗೆ ಯಾವ ಆವೃತ್ತಿ?

ಇಂಗ್ಲೆಂಡಿನ ಖಾಸಗಿ ಬಾಡಿಗೆ ಮನೆಗಳ ವಿದ್ಯುತ್ ಸುರಕ್ಷತೆಗೆಂದು 2020ರಲ್ಲಿ ಜಾರಿಗೆ ಬಂದ ನಿಯಮಾವಳಿ ಒಂದು ಪುಸ್ತಕವನ್ನು ಹೆಸರು ಹಿಡಿದೇ ಹೇಳುತ್ತದೆ: ವೈರಿಂಗ್ ನಿಯಮಗಳ ಹದಿನೆಂಟನೇ ಆವೃತ್ತಿ, ಬಿಎಸ್ 7671:2018. 2020ರ ಜುಲೈ 1ರಿಂದ ಹೊಸ ಬಾಡಿಗೆ ಕರಾರುಗಳಿಗೆ, 2021ರ ಏಪ್ರಿಲ್ 1ರಿಂದ ಹಳೆಯವಕ್ಕೂ ಇದು ಅನ್ವಯಿಸಿತು. ಐದು ವರ್ಷಕ್ಕೊಮ್ಮೆಯಾದರೂ ತಪಾಸಣೆ ಆಗಬೇಕು. ತಪ್ಪಿದರೆ 2020ರ ನಿಯಮದಂತೆ 30,000 ಪೌಂಡ್‌ವರೆಗೆ ದಂಡವಿತ್ತು. ವೈರಿಂಗ್ ನಿಯಮಗಳ ಚರಿತ್ರೆ ಬಲ್ಲವರ ಕಣ್ಣಿಗೆ ಮೊದಲು ಬೀಳುವುದು ಪುಸ್ತಕದ ಹೆಸರಿನಲ್ಲಿರುವ ಆ 2018 ಎಂಬ ಇಸವಿ.

ಏಕೆಂದರೆ ಈ ಪುಸ್ತಕ ಹುಟ್ಟಿನಿಂದ ಶಾಸನವಲ್ಲ. 1882ರಲ್ಲಿ ಲಂಡನ್ನಿನ ಟೆಲಿಗ್ರಾಫ್ ಎಂಜಿನಿಯರುಗಳ ಸಂಘ ಹೊರತಂದ ಮೊದಲ ಆವೃತ್ತಿಯ ಚಿಂತೆಯೆಲ್ಲ ವಿದ್ಯುದ್ದೀಪದಿಂದ ಮನೆಗೆ ಬೆಂಕಿ ಬೀಳದಂತೆ ನೋಡಿಕೊಳ್ಳುವುದಾಗಿತ್ತು. 1992ರಲ್ಲಿ ಬ್ರಿಟಿಷ್ ಸ್ಟ್ಯಾಂಡರ್ಡ್ ಎಂಬ ಪಟ್ಟ ಸಿಕ್ಕಿತು, ಆಗಲೂ ಕಾನೂನಾಗಲಿಲ್ಲ. ಪ್ರತಿ ಆವೃತ್ತಿಯೂ ಅದು ಬಂದ ಮೇಲೆ ನಡೆಯುವ ಹೊಸ ಕೆಲಸಕ್ಕೆ ಎಂಬುದು ಕಸುಬಿನ ರೂಢಿ. ಹಳೆಯ ಆವೃತ್ತಿಯಂತೆ ಎಳೆದ ವೈರಿಂಗ್ ಅಷ್ಟಕ್ಕೇ ಅಪಾಯಕಾರಿ ಎನಿಸುವುದಿಲ್ಲ ಎಂದು ಪುಸ್ತಕವೇ ತನ್ನ ಆರಂಭದ ಪುಟಗಳಲ್ಲಿ ಒಪ್ಪುತ್ತದೆ.

ಬಾಡಿಗೆ ಮನೆಯ ಗೋಡೆಯೊಳಗಂತೂ ಈ ಆವೃತ್ತಿಗಳೆಲ್ಲ ಒಟ್ಟಿಗೇ ಬದುಕುತ್ತವೆ. 1966ರ ಹದಿನಾಲ್ಕನೇ ಆವೃತ್ತಿಯವರೆಗೆ ದೀಪದ ಸರ್ಕ್ಯೂಟಿಗೆಲ್ಲ ಅರ್ಥ್ ತಂತಿ ಎಳೆಯಲೇಬೇಕೆಂಬ ಕಟ್ಟಳೆ ಇರಲಿಲ್ಲ. ಸೋರಿಕೆಯಾದೊಡನೆ ಕರೆಂಟ್ ಕಡಿಯುವ ಆರ್‌ಸಿಡಿ (ನಮ್ಮ ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಆರ್‌ಸಿಸಿಬಿ) 1981ರಲ್ಲಿ ಹೊರಾಂಗಣದ ಉಪಕರಣಗಳಿಗೆ ಬಳಸುವ ಸಾಕೆಟ್‌ಗೆ ಬಂತು. ಮನೆಯೊಳಗಿನ ಸಾಕೆಟ್‌ಗಳಿಗೆ ವಿಸ್ತರಿಸಿದ್ದು 2008ರ ಹದಿನೇಳನೆಯದು. ಕೆಂಪು-ಕಪ್ಪು ತಂತಿಗಳ ಜಾಗಕ್ಕೆ ಕಂದು-ನೀಲಿ ಬಂದದ್ದು 2004 ಮತ್ತು 2006ರ ನಡುವೆ. ಮೆಟ್ಟಿಲಡಿಯ ಬೋರ್ಡ್ ಬಿಚ್ಚಿದಾಗ ಕೆಂಪಿನ ಪಕ್ಕ ಕಂದು ತಂತಿ ಕಂಡರೆ, ಮನೆಯ ವೈರಿಂಗ್ ಯಾವಾಗಿನದು, ರಿಪೇರಿ ಯಾವಾಗಿನದು ಎಂದು ಬಣ್ಣದಲ್ಲೇ ಅಂದಾಜಾಗುತ್ತದೆ.

2020ರ ನಿಯಮವನ್ನು ಅಕ್ಷರಶಃ ಹಿಡಿದರೆ ಇಂಥ ಇಡೀ ಮನೆ 2018ರ ಮಟ್ಟಕ್ಕೆ ಏರಬೇಕು. ಸರ್ಕಾರದ ಮಾರ್ಗದರ್ಶಿ ಅಷ್ಟು ದೂರ ಹೋಗಲಿಲ್ಲ. ದುರಸ್ತಿಯಾಗಲಿ ಹೆಚ್ಚಿನ ಪರಿಶೀಲನೆಯಾಗಲಿ ಬೇಕೆಂದು ವರದಿ ಹೇಳದಿದ್ದರೆ ಮಾಲೀಕರು ಮುಂದೇನೂ ಮಾಡಬೇಕಿಲ್ಲ ಎಂದಿತು. ಹಾಗಾಗಿ ಭಾರವೆಲ್ಲ ತಪಾಸಕರು ಹಾಕುವ ಸಂಕೇತದ ಮೇಲೆ ಬಿತ್ತು. ಸಿ1 ಎಂದರೆ ಈಗಲೇ ಅಪಾಯ, ಸಿ2 ಅಪಾಯದ ಸಂಭವ, ಸಿ3 ಬರೀ ಸಲಹೆ. ಸಿ3 ಎಷ್ಟಿದ್ದರೂ ವರದಿ ಪಾಸು. ಅರ್ಥ್ ಇಲ್ಲದ ಹಳೆಯ ಸರ್ಕ್ಯೂಟಿಗೆ ಅರ್ಥ್ ಬೇಡುವ ಲೋಹದ ದೀಪ ತೂಗುಹಾಕಿದ್ದರೆ ಸಿ2. ದೀಪ, ಸ್ವಿಚ್ ಎಲ್ಲವೂ ಡಬಲ್ ಇನ್ಸುಲೇಷನ್‌ನವಾಗಿದ್ದರೆ ಅದೇ ತಂತಿಗೆ ಸಿ3.

ಗಂಟು ಬಿಗಿಯಾದದ್ದು 2022ರ ಮಾರ್ಚಿನಲ್ಲಿ, ಪುಸ್ತಕಕ್ಕೆ ಎರಡನೇ ತಿದ್ದುಪಡಿ ಬಂದಾಗ. ತಂತಿಯಲ್ಲಿ ಕಿಡಿ ಹಾರುವುದನ್ನು ಗುರುತಿಸಿ ಕರೆಂಟ್ ನಿಲ್ಲಿಸುವ ಎಎಫ್‌ಡಿಡಿ 2018ರಲ್ಲಿ ಶಿಫಾರಸು ಮಾತ್ರವಾಗಿತ್ತು. ತಿದ್ದುಪಡಿಯು ಒಂದೇ ಕುಟುಂಬಕ್ಕೆ ಸೇರದ ಹಲವರು ಹಂಚಿಕೊಂಡಿರುವ ಮನೆಗಳಲ್ಲಿ, 32 ಆಂಪಿಯರ್‌ವರೆಗಿನ ಸಿಂಗಲ್ ಫೇಸ್ ಸಾಕೆಟ್ ಸರ್ಕ್ಯೂಟುಗಳಿಗೆ ಅದನ್ನು ಕಡ್ಡಾಯ ಮಾಡಿತು. ಅಂಥ ಮನೆಗಳು ಬಹುಪಾಲು ಬಾಡಿಗೆಯವೇ. ಹಿಂದಿನ ಪಠ್ಯವನ್ನು ಅದೇ ಸೆಪ್ಟೆಂಬರ್‌ನಲ್ಲಿ ಹಿಂತೆಗೆದರು. 2020ರ ನಿಯಮಾವಳಿಯ ವ್ಯಾಖ್ಯೆಯಲ್ಲಿ ಮಾತ್ರ ‘ಮುಂದಿನ ತಿದ್ದುಪಡಿಗಳೂ ಸೇರಿ’ ಎಂಬ ಮಾತಿರಲಿಲ್ಲ. ಕರಡು ಬರೆದವರು ಮೂರು ಪದ ಉಳಿಸಿದರು, ತಪಾಸಕರಿಗೆ ತಲೆನೋವು ಕೊಟ್ಟರು.

2019ರಲ್ಲಿ ವೈರಿಂಗ್ ಮಾಡಿಸಿದ, ಹಲವರು ಹಂಚಿಕೊಂಡಿರುವ ಇಂಥದೊಂದು ಮನೆಯಲ್ಲಿ 2023ರ ತಪಾಸಣೆಗೆ ಎಎಫ್‌ಡಿಡಿ ಕಾಣಲಿಲ್ಲ ಎನ್ನಿ. ತಪಾಸಕರು ಅಳೆಯುವುದು ಅಂದು ಚಾಲ್ತಿಯಲ್ಲಿರುವ ಪುಸ್ತಕದಿಂದ, ಹಾಗಾಗಿ ಅದನ್ನು ನಮೂದಿಸುವುದು ಸರಿ. ದಂಡ ಹಾಕಹೊರಟ ಸ್ಥಳೀಯ ಆಡಳಿತ ಎತ್ತಿ ತೋರಿಸಬೇಕಾದದ್ದು 2018ರ ಪಠ್ಯವನ್ನು. ಅದರ ಪ್ರಕಾರ ಇಲ್ಲಿ ಕೊರತೆಯೇ ಇಲ್ಲ. ನನ್ನ ಓದಿನಲ್ಲಿ ಇಂಥದ್ದಕ್ಕೆ ಸಿ3ಕ್ಕಿಂತ ಕಠಿಣ ಸಂಕೇತ ಸಲ್ಲದು. ಅದೇ ಮನೆಗೆ ಮಾಲೀಕರು ಹೊಸದಾಗಿ ಸಾಕೆಟ್ ಸರ್ಕ್ಯೂಟ್ ಎಳೆಸಿದರೆ ಮಾತು ಬೇರೆ. ಆ ಒಂದು ಸರ್ಕ್ಯೂಟಿಗೆ ತಿದ್ದುಪಡಿಯಾದ ಪುಸ್ತಕವೇ ಲಾಗು, ಎಎಫ್‌ಡಿಡಿ ಹಾಕಿಸಬೇಕು.