ರಾಂಪುರ, 1948: ಒಂದು ಊರಿನ ಜನ

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿ ಅಧ್ಯಯನ ಮಾಡಿದರು. ಬರಹಗಳಲ್ಲಿ ಊರಿಗೆ ‘ರಾಂಪುರ’ ಎಂದು ಹೆಸರಿಟ್ಟರು. ಆಗ ಅಲ್ಲಿದ್ದವರು 1,523 ಮಂದಿ. 19 ಹಿಂದೂ ಜಾತಿಗಳು, ಜೊತೆಗೆ ಮುಸ್ಲಿಮರು.

ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಅರ್ಧ ಒಕ್ಕಲಿಗರು. ಜಮೀನಿನ ದೊಡ್ಡ ಪಾಲೂ ಅವರದೇ. ಮಡಿ–ಮೈಲಿಗೆಯ ಲೆಕ್ಕದಲ್ಲಿ ಬ್ರಾಹ್ಮಣರು ಮೇಲಿದ್ದರೂ, ಊರಿನಲ್ಲಿ ಮಾತು ನಡೆಯುತ್ತಿದ್ದುದು ಭೂಮಿ ಮತ್ತು ತಲೆಎಣಿಕೆಯ ಬಲದಿಂದ. ಬೇರೆ ಜಾತಿಯವರ ವ್ಯಾಜ್ಯಗಳೂ ಒಕ್ಕಲಿಗ ಮುಖಂಡರ ಮುಂದೆ ಬರುತ್ತಿದ್ದವು. ಇಂದು ಚುನಾವಣಾ ಚರ್ಚೆಗಳಲ್ಲಿ ಕೇಳಿಬರುವ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ಶ್ರೀನಿವಾಸ್ ರೂಪಿಸಿದ್ದು ಈ ಊರಿನ ಅಧ್ಯಯನದಿಂದ.

ಕಸುಬುಗಳೇ ಮನೆಮನೆಗಳನ್ನು ಹೆಣೆದಿದ್ದವು. ಕಮ್ಮಾರ ವರ್ಷವಿಡೀ ರೈತರ ನೇಗಿಲ ಕುಳ ತಟ್ಟಿ, ಕುಡುಗೋಲು ಹದ ಮಾಡಿಕೊಡುತ್ತಿದ್ದ; ಕೂಲಿ ಸಿಗುತ್ತಿದ್ದುದು ಸುಗ್ಗಿಯಲ್ಲಿ, ಕಾಳಿನ ರೂಪದಲ್ಲಿ. ಅಗಸ, ಕ್ಷೌರಿಕರಿಗೂ ಇದೇ ಪದ್ಧತಿ. ನಾಟಿಯ ಕಾಲಕ್ಕೆ ರೈತರು ಮುಯ್ಯಾಳುಗಳಾಗಿ ಒಬ್ಬರ ಗದ್ದೆಗೊಬ್ಬರು ದುಡಿಯುತ್ತಿದ್ದರು. ಸಾಲ ತೀರಿಸಲು ಉಳ್ಳವರ ಮನೆಯಲ್ಲಿ ಜೀತಕ್ಕಿದ್ದವರೂ ಇದ್ದರು.

ಈ ಚಿತ್ರದಲ್ಲಿ ಕಾಣದ ಮುಖಗಳಿವೆ. ಮುಖಂಡರ ಮನೆಯ ಅತಿಥಿಯಂತಿದ್ದ ಶ್ರೀನಿವಾಸರಿಗೆ ಹೆಂಗಸರ ಮತ್ತು ದಲಿತರ ಬದುಕು ಅಷ್ಟಾಗಿ ದಕ್ಕಲಿಲ್ಲ. ಅದನ್ನು ಅವರೇ ಒಪ್ಪಿಕೊಂಡಿದ್ದಾರೆ.

1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ, ರಾಂಪುರದ ಬಗ್ಗೆ ಶ್ರೀನಿವಾಸ್ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಛಲ ಬಿಡದ ಶ್ರೀನಿವಾಸ್ ಬಹುಪಾಲು ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಆ ಪುಸ್ತಕದಿಂದ ಈ ಹಳ್ಳಿಯ ಗೌಡರು, ಕುರುಬರು, ಸಾಬರು ಜಗತ್ತಿನ ವಿಶ್ವವಿದ್ಯಾಲಯಗಳ ತರಗತಿಗಳಿಗೆ ಪರಿಚಿತರಾದರು.